ಎಲ್ಲರೂ ಐದು ಬೆರಳು ಎತ್ತುವ ಮೈದಾನ

ಮನೆ,
ಭಾನುವಾರ, ಹದಿನಾಲ್ಕನೇ ತಾರೀಖು, ಮಧ್ಯಾಹ್ನ

ಪ್ರೀತಿಯ ಕೋಚ್ ಸಾಹೇಬರಿಗೆ,

ಪ್ರೀತಿಯ ಎಂದು ಬರೆದಾಗಿದೆ, ಇನ್ನು ಹೊಡೆದುಹಾಕುವುದಿಲ್ಲ. ಹೊಡೆದುಹಾಕಿದರೆ ಕಾಗದ ಗಲೀಜಾಗುತ್ತದೆ, ಅಷ್ಟೇ ಕಾರಣ. ನಿಮ್ಮ ಆರೋಗ್ಯ ಹೇಗಿದೆ? ಮೆಟ್ಟಿಲು ಇಳಿಯುವಾಗ ಎಡ ಮಂಡಿ ಇನ್ನೂ ಕಟಕಟ ಎನ್ನುತ್ತಿದೆಯೇ? ಮೈದಾನದಲ್ಲಿ ಕೂಗಿ ಕೂಗಿ ಗಂಟಲು ಕಟ್ಟಿರಬೇಕು, ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸಿ. ಬಿ.ಪಿ. ಮಾತ್ರೆ ಚೀಲದ ಪಕ್ಕದ ಜೇಬಿನಲ್ಲಿದೆ, ಸಾಕ್ಸಿನ ಗಂಟಿನಲ್ಲಿ ಹುಡುಕಬೇಡಿ. ಇಷ್ಟು ಕೇಳುವುದು ಹೆಂಡತಿಯ ಕೆಲಸ, ಕೇಳಿದ್ದೇನೆ. ಮುಂದಿನದನ್ನು ಓದುವ ಮೊದಲು ಆ ಮಾತ್ರೆಯನ್ನು ನುಂಗಿಬಿಡಿ.

ಈ ಕಾಲದಲ್ಲಿ ಕಾಗದ ಬರೆಯುತ್ತಾಳಲ್ಲ ಇವಳು ಎಂದು ನಗಬೇಡಿ. ಶಿಬಿರದಲ್ಲಿ ಎಲ್ಲರ ಫೋನೂ ವಾರ್ಡನ್ನಿನ ಬೀರುವಿನಲ್ಲಿರಬೇಕೆಂದು ನಿಯಮ ಮಾಡಿದವರು ನೀವು. ಮಕ್ಕಳಿಗೊಂದು ಕಾನೂನು ನನಗೊಂದು ಕಾನೂನು ಬೇಡ ಎಂದು ನಿಮ್ಮ ಫೋನನ್ನೂ ಅದೇ ಬೀರುವಿಗೆ ಹಾಕಿದವರೂ ನೀವೇ. ಅದನ್ನು ಮೆಚ್ಚುತ್ತೇನೆ, ಸುಳ್ಳು ಹೇಳುವುದಿಲ್ಲ. ಆದರೆ ಆಫೀಸಿನ ಫೋನಿನಿಂದ ನೀವು ಮಾಡುವುದೂ ಒಂದು ಫೋನೇ? ಹಿಂದೆ ಸಾಲು ನಿಂತಿರುತ್ತದೆ, ನೀವು ಮೈದಾನದಲ್ಲಿದ್ದ ಹಾಗೆಯೇ ಕೂಗುತ್ತೀರಿ, ನಾನು ಬಾಯಿ ತೆರೆಯುವಷ್ಟರಲ್ಲಿ “ಸರಿ ಸರಿ, ಇಡ್ತೀನಿ” ಎನ್ನುತ್ತೀರಿ. ಕಾಗದಕ್ಕೆ ಅಡ್ಡಬಾಯಿ ಹಾಕಲು ನಿಮ್ಮಿಂದ ಆಗುವುದಿಲ್ಲ. ನಿಮ್ಮ ಫಿಸಿಯೋ ರಜೆ ಮುಗಿಸಿಕೊಂಡು ಇವತ್ತು ಸಂಜೆ ಶಿಬಿರಕ್ಕೆ ಹೊರಟಿದ್ದಾನೆ. ಅವನ ಕೈಯಲ್ಲೇ ಕೊಡುತ್ತೇನೆ, ನೀವು ಓದಿ ಮುಗಿಸುವವರೆಗೆ ಎದುರಿಗೇ ನಿಂತಿರು ಎಂದು ಹೇಳಿಯೂ ಇದ್ದೇನೆ.

ಹೋದ ಸೋಮವಾರ ನಿಮ್ಮ ಶಿಬಿರದ ವ್ಯಾನು ನನ್ನ ತಮ್ಮನನ್ನು ಮನೆ ಮುಂದೆ ಇಳಿಸಿ ಹೋಯಿತು. ಇಳಿಸಿತು ಎಂದರೆ ಸಾಮಾನು ಇಳಿಸಿದ ಹಾಗೆ, ಮೊದಲು ಚೀಲ, ಆಮೇಲೆ ಅವನು. ಡ್ರೈವರ್ ಒಳ್ಳೆಯ ಮನುಷ್ಯ, ಮುಖ ಸಣ್ಣದು ಮಾಡಿಕೊಂಡು ನೀವು ಹೇಳಿಕಳಿಸಿದ್ದನ್ನು ಒಪ್ಪಿಸಿದ: “ಸ್ವಲ್ಪ ನಖರಾ ಜಾಸ್ತಿ ಆಗಿದೆಯಂತೆ ಮೇಡಂ. ಅಕ್ಕನ ಕೈ ಊಟ ತಿಂದ್ರೆ ಸರಿಹೋಗ್ತಾನೆ ಅಂದ್ರು ಸಾರ್. ಬರೋ ವಾರ ಗುರುವಾರ ಬಂದು ಕರ್ಕೊಂಡು ಹೋಗ್ತೀನಿ, ಶನಿವಾರ ಆಯ್ಕೆ ಓಟ ಇದೆ.” ನಖರಾ! ಆ ಪದವನ್ನು ಬಾಯಲ್ಲಿ ಹಾಕಿಕೊಂಡು ಒಮ್ಮೆ ಅಗಿದು ನೋಡಿ. ಅಮ್ಮ ಹೋದ ಮೇಲೆ ಸ್ಕೂಲ್ ಬ್ಯಾಗು ಹಿಡಿದುಕೊಂಡು ನಮ್ಮ ಮನೆಗೆ ಬಂದ ಆ ಹುಡುಗ, ಇಷ್ಟು ವರ್ಷದಲ್ಲಿ ಒಂದು ಸಲವಾದರೂ ಇದು ಬೇಕು, ಅದು ಬೇಡ ಎಂದದ್ದನ್ನು ನೀವು ಕೇಳಿದ್ದೀರಾ? ಬಸ್ಸು ತಪ್ಪಿದಾಗ ಅದರ ಹಿಂದೆಯೇ ಓಡಿ ಮುಂದಿನ ಸ್ಟಾಪಿನಲ್ಲಿ ಹಿಡಿದದ್ದನ್ನು ಕಂಡು, “ಇವನು ಓಡಲ್ಲ ಕಣೇ, ಬೀಸ್ತಾನೆ” ಎಂದು ಅವನಿಗೆ ಗಾಳಿ ಎಂದು ಹೆಸರಿಟ್ಟವರು ನೀವು. ಪೇಪರಿನವರೂ ಹಾಗೇ ಬರೆದರು, ನಮ್ಮ ಬೀದಿಯವರೂ ಹಾಗೇ ಕರೆದರು. ಅವನಿಗೆ ಅಪ್ಪ ಇಟ್ಟ ಹೆಸರೊಂದಿದೆ ಎಂಬುದು ನನಗೇ ಮರೆಯುವಷ್ಟಾಗಿತ್ತು.

ಅಂಥವನು ಬಂದವನೇ ಷೂ ಬಿಚ್ಚದೆ ಮಂಚದ ಮೇಲೆ ಗೋಡೆ ಕಡೆ ತಿರುಗಿ ಮಲಗಿದ. ಷೂ ಒರೆಸಿ ಪೇಪರಿನ ಮೇಲೆ ಜೋಡಿಸಿಡದೆ ನಿದ್ದೆ ಮಾಡದವನು ಅವನು, ನಿಮಗೆ ಗೊತ್ತು. ಸ್ನಾನಕ್ಕೆ ಹೋದರೆ ನಲ್ಲಿ ತಿರುಗಿಸಿ ಸುಮ್ಮನೆ ಸ್ಟೂಲಿನ ಮೇಲೆ ಕೂರುತ್ತಾನೆ, ಬಕೆಟ್ಟು ತುಂಬಿ ಹರಿಯುತ್ತದೆ, ಅವನ ಮೈ ಒಣಗಿಯೇ ಇರುತ್ತದೆ. ಬೇಯಿಸಿದ ಮೊಟ್ಟೆ ಕಂಡರೆ ನಿಮ್ಮಮ್ಮನ ತಟ್ಟೆಯಲ್ಲಿದ್ದದ್ದನ್ನೂ ಎತ್ತಿಕೊಂಡು ಓಡುತ್ತಿದ್ದ ಹುಡುಗ, ಈಗ ಒಂದು ತುತ್ತನ್ನು ಬಾಯಲ್ಲಿಟ್ಟುಕೊಂಡು ಅದನ್ನು ಏನು ಮಾಡಬೇಕೆಂದು ಮರೆತವನಂತೆ ಕೂತಿರುತ್ತಾನೆ. ಲೋಟ ಕೆಳಗಿಟ್ಟಾಗ ಸದ್ದಾದರೆ “ಸಾರಿ ಅಕ್ಕ.” ಬಾಗಿಲು ಕಿರುಗುಟ್ಟಿದರೆ “ಸಾರಿ ಅಕ್ಕ.” ನಿಮ್ಮಮ್ಮ ಕೆಮ್ಮಿದರೂ ಸಾರಿ. ಬೆಳಿಗ್ಗೆ ಕೋಣೆಗೆ ಹೋಗಿ, ತಿಂಡಿ ತಿಂದೆಯೇನೋ, ನಿದ್ದೆ ಬಂತೇನೋ, ಹೇಗಿದ್ದೀಯೋ ಎಂದು ತಲೆ ಸವರಿದೆ. ಗೋಡೆ ಕಡೆಯಿಂದ ತಿರುಗಲೇ ಇಲ್ಲ. ಕೈಯೊಂದನ್ನು ಮೇಲಕ್ಕೆತ್ತಿ ಐದು ಬೆರಳು ತೋರಿಸಿದ.

ಆ ಬೆರಳುಗಳು ಎಲ್ಲಿಂದ ಬಂದವೆಂದು ನಾನು ಯಾರನ್ನೂ ಕೇಳಬೇಕಾಗಿರಲಿಲ್ಲ. ನಿಮ್ಮ ಹೆಮ್ಮೆಯ ಪದ್ಧತಿ ಅದು! ಬೆಳಿಗ್ಗೆ ಎಲ್ಲರೂ ಸುಣ್ಣದ ಗೆರೆಯ ಮೇಲೆ ಸಾಲಾಗಿ ನಿಲ್ಲಬೇಕು, ನೀವು ಸೀಟಿ ಊದಬೇಕು, ಒಬ್ಬೊಬ್ಬರೂ ತಮ್ಮ ಸ್ಥಿತಿ ಹೇಗಿದೆ ಎಂದು ಬೆರಳಿನಲ್ಲಿ ತೋರಿಸಬೇಕು. ಪೂರ್ತಿ ಚೆನ್ನಾಗಿದ್ದರೆ ಐದು, ಹಾಸಿಗೆ ಹಿಡಿಯುವಂತಿದ್ದರೆ ಒಂದು. ಮಕ್ಕಳ ಮಾತಿಗೆ ಬೆಲೆ ಕೊಡುವ ಕೋಚ್ ಎಂದು ಪೇಪರಿನಲ್ಲಿ ನಿಮ್ಮ ಫೋಟೋ ಬಂದಾಗ ಅದನ್ನು ಕತ್ತರಿಸಿ ಫ್ರಿಜ್ಜಿಗೆ ಅಂಟಿಸಿದವಳು ನಾನೇ. ಆದರೆ ಪೇಪರಿನವರು ಬರೆಯದ ಒಂದು ಸಂಗತಿ ಇತ್ತಲ್ಲ? ಮೂರಕ್ಕಿಂತ ಕಡಿಮೆ ತೋರಿಸಿದವರು ಅವತ್ತು ಓಡುವಂತಿಲ್ಲ, ಮೀಸಲು ಓಟಗಾರರ ಬೆಂಚಿಗೆ ಹೋಗಬೇಕು. ಆ ಬೆಂಚಿನಿಂದ ಎದ್ದು ಬಂದು ರಿಲೇ ತಂಡ ಸೇರಿದವರನ್ನು ನೀವು ಕಂಡಿದ್ದೀರಾ? ಮಕ್ಕಳಿಗೂ ಕಣ್ಣಿದೆ ಸ್ವಾಮಿ. ತಮ್ಮ ಹೇಳುತ್ತಾನೆ, ಜ್ವರದಲ್ಲಿ ಹಲ್ಲು ಕಟಕಟಿಸುತ್ತಿದ್ದವರೂ ಐದೇ ಎತ್ತುತ್ತಾರಂತೆ. ನಿಮಗೆ ನಂಬಿಕೆ ಬರಲಿ ಎಂದು ನಡುನಡುವೆ ಒಬ್ಬೊಬ್ಬರು ಸರದಿ ಪ್ರಕಾರ ನಾಲ್ಕು ಎತ್ತುವುದೆಂದು ಅವರವರಲ್ಲೇ ಒಪ್ಪಂದವಂತೆ! ಇಡೀ ಮೈದಾನ ನಿಮಗೆ ನಾಟಕ ತೋರಿಸುತ್ತಿದೆ, ನೀವು ಮುಂದಿನ ಸಾಲಿನಲ್ಲಿ ನಿಂತು ಸೀಟಿ ಊದುತ್ತಿದ್ದೀರಿ. ಮಂಗಳವಾರ ಫೋನ್ ಮಾಡಿದಾಗ ನೀವು ಏನೆಂದಿರಿ? “ದಿನಾ ಐದು ಬೆರಳು ತೋರಿಸಿದ್ದಾನೆ ಕಣೇ. ಅವನೇ ಚೆನ್ನಾಗಿದ್ದೀನಿ ಅಂದ್ರೆ ನಾನೇನು ಮಾಡ್ಲಿ?” ಮೈ ಪರಚಿಕೊಳ್ಳುವ ಹಾಗಾಯಿತು ನನಗೆ.

ನೀವೇನು ಮಾಡಿದಿರಿ ಎಂದು ನಾನು ಹೇಳುತ್ತೇನೆ, ಕೇಳಿ. ತಮ್ಮನಿಂದ ಒಂದೊಂದೇ ಮಾತು ಹೆಕ್ಕಿ ತೆಗೆದು ಜೋಡಿಸಿದ್ದೇನೆ. ಅವನ ಓಟ ನಿಧಾನವಾಯಿತು. ನೀವು ಸುತ್ತು ಹೆಚ್ಚಿಸಿದಿರಿ. ಇನ್ನೂ ನಿಧಾನವಾಯಿತು. ವಾರದ ರಜೆ ಕಿತ್ತುಕೊಂಡಿರಿ. ಹುಡುಗರ ಜೊತೆ ಹರಟೆ ಹೊಡೆದು ಕೆಡುತ್ತಿದ್ದಾನೆಂದು ಅವನನ್ನು ಹಾಸ್ಟೆಲಿನ ತುದಿಯ ಕೋಣೆಗೆ ಒಬ್ಬನನ್ನೇ ಹಾಕಿದಿರಿ, ಏಕಾಗ್ರತೆ ಬರಲಿ ಎಂದು. ನಿಮ್ಮ ಲೆಕ್ಕದಲ್ಲಿ ಅದು ದೊಡ್ಡ ಮರ್ಯಾದೆ. ಪಕ್ಕದ ಮಂಚದಲ್ಲಿ ಯಾರಾದರೂ ಗೊರಕೆ ಹೊಡೆದರೆ ಮಾತ್ರ ತಾನು ಬದುಕಿದ್ದೇನೆ ಎಂದು ಅವನಿಗೆ ಅನ್ನಿಸುತ್ತಿದ್ದ ಕಾಲದಲ್ಲಿ, ಆ ಗೊರಕೆಯನ್ನೂ ಕಿತ್ತುಕೊಂಡಿರಿ. ಮಾತು ಬಿಟ್ಟ. ಈಗ ಗಮನ ಕೂಡಿಬರುತ್ತಿದೆ ಎಂದು ನೀವು ಖುಷಿಪಟ್ಟಿರಿ. ಊಟ ಬಿಟ್ಟ. ತೂಕ ಇಳಿದರೆ ಹಗುರಾಗಿ ಓಡುತ್ತಾನೆ ಎಂದಿರಿ. ಕಡೆಗೆ ಒಂದು ದಿನ ಅಭ್ಯಾಸದ ನಡುವೆ ಗೆರೆಯ ಮೇಲೆ ಹಾಗೇ ನಿಂತುಬಿಟ್ಟ, ಕಾಲು ಏಳಲಿಲ್ಲ. ಆಗ ಎಲ್ಲರ ಮುಂದೆ, “ನೋಡ್ರಪ್ಪಾ, ನಮ್ಮ ಗಾಳಿಯ ಗಾಳಿ ಹೋಯ್ತು, ಪಂಕ್ಚರ್ ಹಾಕೋರು ಯಾರಾದ್ರೂ ಇದ್ರೆ ಕರೀರಿ” ಎಂದಿರಿ. ನಕ್ಕರಂತೆ ಎಲ್ಲರೂ. ಅವನೂ ನಕ್ಕನಂತೆ. ನಕ್ಕು, ಮಾರನೆಯ ದಿನ ಅಭ್ಯಾಸ ಬಿಟ್ಟು ಗೇಟು ದಾಟಿ ನಡೆದುಹೋದ. ಸಂಜೆಯೊಳಗೆ ವಾಪಸ್ಸು ಬಂದ. ಶಿಸ್ತಿಲ್ಲ, ನಖರಾ ಮಾಡುತ್ತಾನೆ ಎಂದು ನೀವು ವ್ಯಾನು ಹತ್ತಿಸಿದಿರಿ.

ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕಾಗೆ ಕಾಲಾಗಿದ್ದರೆ ಹೊಂದಿಸಿಕೊಂಡು ಓದಿ. ನೀವು ಕಟುಕರಾಗಿದ್ದರೆ ನನಗೆ ಇಷ್ಟು ಸಿಟ್ಟೇ ಬರುತ್ತಿರಲಿಲ್ಲ, ಪೆಟ್ಟಿಗೆ ಕಟ್ಟಿಕೊಂಡು ಹೋಗುತ್ತಿದ್ದೆ. ನೀವು ಒಳ್ಳೆಯವರು, ಅದೇ ನನ್ನ ಹೊಟ್ಟೆಯುರಿ. ಆ ಉದ್ದ ಜಿಗಿತದ ಹುಡುಗಿಗೆ ಮೊಣಕಾಲ ಕೆಳಗೆ ನೋವೆಂದಾಗ ಅವಳನ್ನು ಬೆನ್ನ ಮೇಲೆ ಹೊತ್ತುಕೊಂಡು ನಮ್ಮ ಆಸ್ಪತ್ರೆಗೆ ಓಡಿ ಬಂದದ್ದು ನೆನಪಿದೆಯೇ? ನಾನೇ ಎಕ್ಸ್‌ರೇ ತೆಗೆದೆ. ಫಿಲ್ಮನ್ನು ಟ್ಯೂಬ್‌ಲೈಟಿಗೆ ಹಿಡಿದು, ಆ ಕೂದಲೆಳೆಯಷ್ಟು ಬಿರುಕನ್ನು ಕಂಡು ನಿಮ್ಮ ಕಣ್ಣಿಂದ ನೀರಿಳಿದದ್ದನ್ನು ನಾನು ನೋಡಿದ್ದೇನೆ. ಆ ಮಗುವಿನ ಪಾದವನ್ನು ನೆಲಕ್ಕೆ ತಾಗಲು ಬಿಡಲಿಲ್ಲ ನೀವು. ಕ್ರೀಡಾಕೂಟ ಬಂದರೂ ಬರಲಿ, ಹೋದರೂ ಹೋಗಲಿ ಎಂದಿರಿ. ಮೇಲಿನವರು ಒತ್ತಡ ಹಾಕಿದಾಗ, “ಮೂಳೆ ಬಿರುಕು ಬಿಟ್ಟಿದೆ ಸಾರ್, ನಿಮ್ಮ ಕಾಲಾಗಿದ್ರೆ ಓಡ್ತಿದ್ರಾ?” ಎಂದು ಕೇಳಿದಿರಿ. ಅವತ್ತು ನಿಮ್ಮನ್ನು ಮದುವೆಯಾದದ್ದಕ್ಕೆ ಹೆಮ್ಮೆಪಟ್ಟಿದ್ದೆ. ಫಿಲ್ಮಿನ ಮೇಲೆ ಕಂಡರೆ ನಿಮ್ಮಷ್ಟು ಮೆತ್ತನೆಯ ಮನುಷ್ಯ ಇಲ್ಲ. ಫಿಲ್ಮಿನ ಮೇಲೆ ಕಾಣದಿದ್ದರೆ ನಖರಾ.

ಬುಧವಾರ ತಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಮೊದಲು ನಮ್ಮ ಡ್ಯೂಟಿ ಡಾಕ್ಟರಿಗೆ ತೋರಿಸೋಣ ಎಂದುಕೊಂಡೆ. ಅವನು ಕಾರಿಡಾರಿನಲ್ಲಿ ನನ್ನ ಕೋಣೆಯ ಬಾಗಿಲ ಹತ್ತಿರ ನಿಂತುಬಿಟ್ಟ. ಬಂದಾಗಿನಿಂದ ಅವನು ಒಂದು ಪೂರ್ತಿ ವಾಕ್ಯ ಆಡಿದ್ದು ಅದೇ ಮೊದಲು: “ಅಕ್ಕಾ, ನನ್ನ ಕಾಲಿಂದೊಂದು ಫಿಲ್ಮ್ ತೆಗಿಯೇ. ಏನಾದ್ರೂ ಮುರಿದಿದ್ರೆ ಭಾವಂಗೆ ತೋರಿಸ್ಬಹುದು.” ಪ್ಯಾಂಟು ಮೇಲಕ್ಕೆ ಸರಿಸಿದ. ಮೊಣಕಾಲ ಕೆಳಗೆ ಉದ್ದಕ್ಕೂ ನೀಲಿಗಟ್ಟಿತ್ತು. ಹಾಸ್ಟೆಲಿನ ಕಲ್ಲಿನ ಮೆಟ್ಟಿಲಿಗೆ ತಾನೇ ಬಡಿದುಕೊಂಡಿದ್ದಾನೆ. ಮತ್ತೆ ಮತ್ತೆ. ಒಂದು ಬಿರುಕಾದರೂ ಬಂದರೆ ನೀವು ನಂಬುತ್ತೀರಿ ಎಂದು.

ಡಾಕ್ಟರು ಕಾಲು ನೋಡಿ ಎಕ್ಸ್‌ರೇ ಬರೆದುಕೊಟ್ಟರು. ಮಲಗಿಸಿದೆ. ದಿನವಿಡೀ ಎಷ್ಟೋ ಜನರಿಗೆ ಅಲ್ಲಾಡಬೇಡಿ, ಅಲ್ಲಾಡಬೇಡಿ ಎನ್ನುವವಳು ನಾನು, ಅವತ್ತು ಅವನಿಗೆ ಹೇಳಬೇಕಾಗಲೇ ಇಲ್ಲ. ಫಿಲ್ಮು ಬಂತು. ಒಂದು ಗೀರೂ ಇಲ್ಲ. ಎಷ್ಟು ಚೆನ್ನಾದ ಮೂಳೆ ಎಂದರೆ ಪಾಠ ಹೇಳಿಕೊಡಲು ಗೋಡೆಗೆ ತೂಗುಹಾಕಬಹುದಾಗಿತ್ತು. ಯಾರಾದರೂ ಕ್ಲೀನ್ ಫಿಲ್ಮ್ ನೋಡಿ ಅಳುತ್ತಾರೆಯೇ? ಇಷ್ಟು ವರ್ಷದ ಕೆಲಸದಲ್ಲಿ ನಾನು ಕಂಡಿರಲಿಲ್ಲ. ಅವನು ಅತ್ತ. ಫಿಲ್ಮು ನೋಡುವ ದೀಪದ ಡಬ್ಬಿಯ ಮುಂದೆ ನಿಂತು, ಮುಖ ಮುಚ್ಚಿಕೊಳ್ಳದೆ, ಚಿಕ್ಕ ಮಕ್ಕಳು ಬಾಯಿ ತೆರೆದು ಅಳುತ್ತಾರಲ್ಲ ಹಾಗೆ ಅತ್ತ. “ಏನೂ ಇಲ್ವಲ್ಲ ಅಕ್ಕಾ, ಈಗ ಭಾವಂಗೆ ಏನಂತ ಹೇಳ್ಲಿ?” ಎಂದ. ನೀವು ಈ ಸಾಲನ್ನು ಇನ್ನೊಂದು ಸಲ ಓದಬೇಕು. ಫಿಸಿಯೋ ಎದುರಿಗೆ ನಿಂತಿದ್ದಾನೆ ಎಂದು ನಾಚಿಕೊಂಡು ಮುಂದಕ್ಕೆ ಓಡಬೇಡಿ.

ಅವತ್ತೇ ಮೇಲಿನ ಮಹಡಿಯ ಮನೋವೈದ್ಯೆಯ ಹತ್ತಿರ ಕರೆದುಕೊಂಡು ಹೋದೆ. ಅವನ ಜೊತೆ ಬಹಳ ಹೊತ್ತು ಕೂತರು ಆಕೆ, ನನ್ನನ್ನು ಹೊರಗೆ ಕೂರಿಸಿ. ಆಮೇಲೆ ಅವನ ಒಪ್ಪಿಗೆ ಕೇಳಿಯೇ ನನ್ನನ್ನು ಒಳಗೆ ಕರೆದರು. ಖಿನ್ನತೆ, ಹಗುರದ್ದಲ್ಲ, ಚಿಕಿತ್ಸೆ ಬೇಕು ಎಂದರು. ಮಾತ್ರೆ ಶುರುವಾಗಿದೆ, ವಾರ ವಾರ ಮಾತಾಡಲು ಹೋಗಬೇಕು, ಗುಣವಾಗುತ್ತದೆ, ಆದರೆ ಯಾರದೋ ಕ್ಯಾಲೆಂಡರ್ ನೋಡಿಕೊಂಡು ಗುಣವಾಗುವುದಿಲ್ಲ ಎಂದರು. ಅವನನ್ನು ಒಂಟಿಯಾಗಿ ಬಿಡಬೇಡಿ ಎಂದೂ ಹೇಳಿದ್ದಾರೆ. ಇಷ್ಟು ಗಟ್ಟಿ ಹುಡುಗನಿಗೆ ಹೇಗೆ ಬಂತು ಡಾಕ್ಟರೇ ಎಂದು ಕೇಳಿದೆ. ಆಕೆಗೆ ಬೇಸರವಾಯಿತೇನೋ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಗಟ್ಟಿ ಇರೋರಿಗೆ ಸಕ್ಕರೆ ಕಾಯಿಲೆ ಬರಲ್ವಾ? ಹಾಗೇ ಇದೂ. ನೋವು ನುಂಗು, ನೋವು ನುಂಗು ಅಂತ ಚಿಕ್ಕಂದಿನಿಂದ ಕಲಿಸಿರ್ತಾರೆ. ಅದನ್ನ ಚೆನ್ನಾಗಿ ಕಲಿತೋರೇ ಮೇಲಕ್ಕೆ ಬಂದಿರ್ತಾರೆ. ಆಮೇಲೆ ಒಂದಿನ, ನೋವಿದ್ರೆ ಹೇಳಪ್ಪಾ ಅಂದ್ರೆ ಎಲ್ಲಿಂದ ಹೇಳ್ತಾನೆ?” ಎಂದರು.

ಇನ್ನು ಮುಂದಿನದು ಕೇಳಿ, ಮಜವಾಗಿದೆ. ಹೋದ ಸೀಸನ್ನಿನಲ್ಲಿ ಆಕೆ ಕ್ರೀಡಾಂಗಣದ ಹಾಲಿನಲ್ಲಿ ಕೋಚುಗಳಿಗೆಲ್ಲ ಇದನ್ನೇ ಹೇಳಿಕೊಡಲು ಹೋಗಿದ್ದರಂತೆ. ಯಾವ ಮಗು ಹೇಗಾದರೆ ಎಚ್ಚರವಾಗಬೇಕು, ಹೇಗೆ ಕೇಳಬೇಕು, ಯಾರ ಹತ್ತಿರ ಕಳಿಸಬೇಕು ಎಂದು. ಎಲ್ಲರೂ ಕೈಕಟ್ಟಿಕೊಂಡು ಕೂತಿದ್ದರಂತೆ. ಕೊನೆಗೆ ಏನಾದರೂ ಕೇಳುವುದಿದೆಯೇ ಎಂದಾಗ ಹಿಂದಿನ ಸಾಲಿನಿಂದ ಒಬ್ಬರು ಎದ್ದು, “ಡಾಕ್ಟ್ರೇ, ಇದೆಲ್ಲ ಸರಿ. ಮುಂದಿನ ತಿಂಗಳು ಮೀಟ್ ಇದೆ, ಅಷ್ಟರಲ್ಲಿ ಸರಿ ಮಾಡೋ ಇಂಜೆಕ್ಷನ್ ಏನಾದ್ರೂ ಇದೆಯಾ?” ಎಂದರಂತೆ. ಹಾಲಿಗೆ ಹಾಲೇ ಗೊಳ್ಳೆಂದು ನಕ್ಕಿತಂತೆ. ಅವರ ಹೆಸರು ಆಕೆಗೆ ಗೊತ್ತಿಲ್ಲ. ಕೊರಳಲ್ಲಿ ಎರಡು ಸ್ಟಾಪ್‌ವಾಚು ಇದ್ದವು ಎಂಬುದು ಮಾತ್ರ ನೆನಪಿದೆಯಂತೆ. ಒಂದು ಸುಳ್ಳು ಹೇಳಿದರೆ ಇನ್ನೊಂದು ನಿಜ ಹೇಳಲಿ ಎಂದು ಎರಡು ಹಾಕಿಕೊಳ್ಳುವ ಮಹಾನುಭಾವರು ಈ ಭೂಮಿಯ ಮೇಲೆ ಒಬ್ಬರೇ ಇದ್ದಾರೆ ಎಂದು ನನಗೆ ಗೊತ್ತು. “ಅವರು ನಮ್ಮನೆಯವರು” ಎಂದೆ. ಆಕೆ ಪಾಪ ಕೆಮ್ಮತೊಡಗಿದರು. ನಾನು ನೀರಿನ ಲೋಟ ಮುಂದಕ್ಕೆ ಸರಿಸಿದೆ.

ಗಡಿಯಾರವನ್ನು ನಂಬದೆ ಎರಡು ಇಟ್ಟುಕೊಳ್ಳುವವರು ನೀವು. ಬೆರಳುಗಳನ್ನು ಹೇಗೆ ನಂಬಿದಿರಿ? ಅವನು ಉಸಿರು ಬಿಡುವ ಸದ್ದಿನಿಂದಲೇ ಯಾವ ಕಾಲಿನಲ್ಲಿ ಸೆಳೆತವಿದೆ ಎಂದು ಹೇಳುತ್ತಿದ್ದಿರಿ. ಅವನ ಷೂ ತಳ ಸವೆದದ್ದನ್ನು ನೋಡಿ ಸೊಂಟ ಓರೆಯಾಗಿದೆ ಎಂದಿರಿ, ನಿಜವಾಗಿತ್ತು. ಅಷ್ಟು ಸೂಕ್ಷ್ಮ ಕಣ್ಣಿಗೆ, ಹುಡುಗ ತಿಂಗಳುಗಟ್ಟಲೆ ಕಣ್ಣೆದುರಿಗೇ ಆರಿಹೋಗುತ್ತಿದ್ದದ್ದು ಕಾಣಲಿಲ್ಲವೇ? ಕಾಣಲಿಲ್ಲ ಎಂದರೆ ನಾನು ನಂಬುತ್ತೇನೆ, ಯಾಕೆಂದರೆ ಅದನ್ನು ನೋಡುವುದನ್ನು ನಿಮಗೆ ಯಾರೂ ಕಲಿಸಿಲ್ಲ. ಕಲಿಸಲು ಬಂದವರನ್ನು ನೋಡಿ ನಕ್ಕಿರಲ್ಲ, ಅದನ್ನು ಮಾತ್ರ ಹೊಟ್ಟೆಗೆ ಹಾಕಿಕೊಳ್ಳಲು ನನ್ನಿಂದ ಆಗುತ್ತಿಲ್ಲ.

ನಿಮ್ಮಮ್ಮ ನನ್ನ ಪಕ್ಷ, ತಿಳಿದಿರಲಿ. ಮೊದಲೆರಡು ದಿನ, “ಈ ವಯಸ್ಸಿಗೆ ಏನಪ್ಪಾ ಬೇಜಾರು, ನಮ್ಮ ಕಾಲದಲ್ಲಿ ಬೇಜಾರಾಗೋಕೆ ಪುರುಸೊತ್ತೇ ಇರ್ಲಿಲ್ಲ” ಎಂದು ಗೊಣಗುತ್ತಿದ್ದರು. ನೀಲಿಗಟ್ಟಿದ ಆ ಕಾಲನ್ನು ನೋಡಿದ ಮೇಲೆ ಅವನ ಮಂಚದ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತು, ಇಸ್ಪೀಟು ಕಲಿಸುತ್ತೇನೆಂದು ಎಲೆ ಹಂಚಿ, ಅವನ ಆಟವನ್ನೂ ತಾವೇ ಆಡಿ, ಮೋಸವನ್ನೂ ತಾವೇ ಮಾಡಿ, ಕಡೆಗೆ ತಾವೇ ಗೆಲ್ಲುತ್ತಾರೆ. ನಿನ್ನೆ ಅವನು, “ಅದು ನನ್ನ ಎಲೆ ಅಜ್ಜಿ” ಎಂದ. ನಾನು ಅಡುಗೆಮನೆಯಲ್ಲಿ ಸೌಟು ಹಿಡಿದುಕೊಂಡು ಹಾಗೇ ನಿಂತೆ. ಸಾರಿ ಎನ್ನದೆ ಅವನಾಡಿದ ಮಾತು ಅದು. ನಿಮ್ಮ ಬಗ್ಗೆ ನಿಮ್ಮಮ್ಮ ಹೇಳಿದ್ದನ್ನು ಇದ್ದಂತೆಯೇ ಬರೆಯುತ್ತೇನೆ, ಬರೆ ಎಂದು ಪಕ್ಕದಲ್ಲೇ ನಿಂತಿದ್ದಾರೆ: “ಬರ್ಲಿ ಅವ್ನು. ಆ ಸೀಟಿ ಅವನ ಬಾಯಿಗೇ ತುರುಕಿ ಬೀದಿ ಸುತ್ತ ಓಡಿಸ್ತೀನಿ.”

ಈಗ ಮುಖ್ಯ ಮಾತು. ಗುರುವಾರ ವ್ಯಾನು ಕಳಿಸಬೇಡಿ. ಕಳಿಸಿದರೆ ಡ್ರೈವರಿಗೆ ಕಾಫಿ ಕೊಟ್ಟು ಖಾಲಿ ವ್ಯಾನು ವಾಪಸ್ಸು ಕಳಿಸುತ್ತೇನೆ. ಆಯ್ಕೆ ಓಟದಲ್ಲಿ ಅವನಿರುವುದಿಲ್ಲ. ರಿಲೇಯಲ್ಲಿ ಅವನ ಜಾಗ ಹೋಗುತ್ತದೆ ಎಂದು ಹೇಳಿಕಳಿಸಬೇಡಿ, ಹೋಗಲಿ. ಒಬ್ಬ ಹುಡುಗ ಓಡದಿದ್ದರೆ ಇನ್ನೊಬ್ಬ ಓಡುತ್ತಾನೆ, ಆ ರಿಲೇ ಕೋಲನ್ನು ಇನ್ಯಾರಾದರೂ ಹಿಡಿಯುತ್ತಾರೆ. ನನಗೆ ಇರುವುದು ಒಬ್ಬನೇ ತಮ್ಮ. ಅವನು ಮುಂದೆ ಓಡುತ್ತಾನೋ ಇಲ್ಲವೋ ಅದನ್ನು ಅವನು ಮತ್ತು ಡಾಕ್ಟರು ನೋಡಿಕೊಳ್ಳಲಿ. ಓಡಿದರೆ ನಿಮ್ಮ ಕೈಕೆಳಗೇ ಓಡಬೇಕೆಂದು ಅವನಿಗೆ ಈಗಲೂ ಆಸೆ ಇದೆ. ಭಾವನ ಮೇಲೆ ಕೋಪ ಮಾಡ್ಕೋಬೇಡ ಅಕ್ಕಾ, ನಾನೇ ಸರಿಯಿಲ್ಲ ಎನ್ನುತ್ತಾನೆ. ಅದನ್ನು ಕೇಳಿದಾಗ ನನ್ನ ಕೋಪ ದುಪ್ಪಟ್ಟಾಗುತ್ತದೆ, ಅದು ಬೇರೆ ಮಾತು.

ಶಿಬಿರದ ಮೇಲಿನವರಿಗೆ ಆ ಡಾಕ್ಟರು ಮತ್ತೆ ಬರಲು ಒಪ್ಪಿದ್ದಾರೆ ಎಂದು ನೀವೇ ಹೇಳಿ. ಈ ಸಲ ಮುಂದಿನ ಸಾಲಿನಲ್ಲಿ ಕೂತುಕೊಳ್ಳಿ, ಕೈಕಟ್ಟದೆ. ಇಂಜೆಕ್ಷನ್ ಪ್ರಶ್ನೆ ಇನ್ನೊಬ್ಬರು ಕೇಳಿದರೆ ನಗುವವರನ್ನು ಸುಮ್ಮನಿರಿಸುವುದು ನಿಮ್ಮ ಕೆಲಸ. ಮೀಸಲು ಬೆಂಚನ್ನು ಅಲ್ಲಿಂದ ಎತ್ತಿಸಿ. ಚೆನ್ನಾಗಿಲ್ಲ ಎಂದವನು ಜಾಗ ಕಳೆದುಕೊಳ್ಳುವ ಪದ್ಧತಿ ಇರುವವರೆಗೆ ಯಾವ ಮಗುವೂ ನಿಮಗೆ ನಿಜ ಹೇಳುವುದಿಲ್ಲ, ಬೆರಳಿನಲ್ಲೂ ಇಲ್ಲ, ಬಾಯಲ್ಲೂ ಇಲ್ಲ. ತುದಿಯ ಕೋಣೆಯನ್ನು ಸಾಮಾನು ಇಡಲು ಕೊಟ್ಟುಬಿಡಿ. ಅಷ್ಟಾದ ಮೇಲೆ ಮನೆಗೆ ಬನ್ನಿ. ಸ್ಟಾಪ್‌ವಾಚು ಎರಡನ್ನೂ ಅಲ್ಲೇ ಬಿಟ್ಟು, ಕೋಚಾಗಿ ಅಲ್ಲ, ಭಾವನಾಗಿ ಬನ್ನಿ. ಬುದ್ಧಿ ಹೇಳಬೇಡಿ. ಅವನ ಮಂಚದ ಮೇಲೆ ಒಂದು ಮೂಲೆಯಲ್ಲಿ ಜಾಗವಿರುತ್ತದೆ, ಕೂತುಕೊಳ್ಳಿ. ನಿಮ್ಮಮ್ಮ ನಿಮಗೂ ಎಲೆ ಹಂಚುತ್ತಾರೆ.

ನಿಮ್ಮಮ್ಮನ ಆಶೀರ್ವಾದವಂತೆ, ಬೈಗುಳ ಮುಗಿದ ಮೇಲೆ ಅದನ್ನೂ ಬರೆಸಿದರು. ಅಡುಗೆಯವರಿಗೂ ಡ್ರೈವರಿಗೂ ನನ್ನ ನಮಸ್ಕಾರ ತಿಳಿಸಿ. ಮಂಡಿಗೆ ಪಟ್ಟಿ ಕಟ್ಟಿಕೊಳ್ಳದೆ ಮಕ್ಕಳ ಜೊತೆ ಓಡಬೇಡಿ. ನಿಮ್ಮ ಮೇಲೆ ಸಿಟ್ಟಿರುವುದಕ್ಕೂ ನಿಮ್ಮ ಮಂಡಿಗೂ ಸಂಬಂಧವಿಲ್ಲ.

ಇಂತಿ,
ಅವನ ಅಕ್ಕ, ಸದ್ಯಕ್ಕೆ ನಿಮ್ಮ ಹೆಂಡತಿಯೂ ಹೌದು

ತಾ.ಕ.: ಫಿಸಿಯೋ ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ, ಹೊಡೆಯಲಿ. ಕಾಗದ ಮಡಿಸುತ್ತಿದ್ದೆ, ತಮ್ಮ ಅಡುಗೆಮನೆ ಬಾಗಿಲಿಗೆ ಬಂದು ನಿಂತು, “ಅದನ್ನೂ ಬರಿ ಅಕ್ಕಾ” ಎಂದ. ಡಾಕ್ಟರಿಗೂ ನನಗೂ ಹೇಳಿದ್ದ, ನಿಮಗೆ ಹೇಳಬೇಡ ಎಂದು ಮಾತು ತೆಗೆದುಕೊಂಡಿದ್ದ. ಈಗ ಆ ಮಾತಿನಿಂದ ನನ್ನನ್ನು ಬಿಡಿಸಿದ್ದಾನೆ. ಅವತ್ತು ಅಭ್ಯಾಸ ಬಿಟ್ಟು ಗೇಟು ದಾಟಿ ಹೋದನಲ್ಲ, ಅವನು ಮನೆಗೆ ಹೊರಟಿರಲಿಲ್ಲ. ಎಲ್ಲಿಗೂ ಹೊರಟಿರಲಿಲ್ಲ. ಬದುಕುವುದು ಬೇಡವೆಂದು ಹೊರಟಿದ್ದ. ನಿಮ್ಮ ತಂಡದ ಹರ್ಡಲ್ಸ್ ಹುಡುಗಿ ಅವನ ಮುಖ ನೋಡಿ, ಅಭ್ಯಾಸವನ್ನು ಅಲ್ಲಿಗೇ ಬಿಟ್ಟು ಹಿಂದೆಯೇ ಹೋಗಿದ್ದಾಳೆ. ರಸ್ತೆ ಬದಿಯಲ್ಲಿ ಅವನ ಅಂಗಿ ಹಿಡಿದುಕೊಂಡು, ಅವನು ವಾಪಸ್ಸು ಬರಲು ಒಪ್ಪುವವರೆಗೆ ಬಿಡದೆ ಕೂತಿದ್ದಾಳೆ. ಕೇಳದೆ ಮೈದಾನ ಬಿಟ್ಟು ಹೋದಳೆಂದು ಅವತ್ತು ಸಂಜೆ ಎಲ್ಲರ ಎದುರಿಗೆ, ಕತ್ತಲಾಗುವವರೆಗೆ ಸುತ್ತು ಓಡಿಸಿದಿರಲ್ಲ, ಅವಳೇ. ಯಾರಿಗೂ ಹೇಳುವುದಿಲ್ಲ ಎಂದು ಇವನಿಗೆ ಮಾತು ಕೊಟ್ಟಿದ್ದಳು, ಅದಕ್ಕೆ ಬಾಯಿ ಬಿಡದೆ ಓಡಿದಳು. ಇವನು ಇಲ್ಲಿಗೆ ಬಂದ. ಅವಳು ಅದನ್ನೆಲ್ಲ ಒಬ್ಬಳೇ ಹೊತ್ತುಕೊಂಡು ಇನ್ನೂ ಅಲ್ಲೇ ಇದ್ದಾಳೆ, ಯಾರ ಹತ್ತಿರವೂ ಹೇಳಿಕೊಂಡಿಲ್ಲ. ಇದನ್ನು ಓದಿದ ತಕ್ಷಣ ಎದ್ದು ಅವಳ ಹತ್ತಿರ ಹೋಗಿ. ಸೀಟಿ ಊದಿ ಕರೆಸಬೇಡಿ, ನೀವೇ ಹೋಗಿ. ನನ್ನ ತಮ್ಮ ಇವತ್ತು ಮಧ್ಯಾಹ್ನ ಮನೆಯಲ್ಲಿ ಊಟ ಮಾಡಿದ ಎಂದು ಹೇಳಿ, ಅಷ್ಟು ಹೇಳಿದರೆ ಅವಳಿಗೆ ಅರ್ಥವಾಗುತ್ತದೆ. ಆಮೇಲೆ ಅವಳು ಅತ್ತರೆ ಅಳಲು ಬಿಡಿ. ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ಕೂತಿರಿ.